ಕಾಲು ಮಾತ್ರೆ

ಎತ್ತರದ ಕಟ್ಟಡಗಳಲ್ಲಿ ವಾಸವಿದ್ದ ಮಕ್ಕಳಿಗೆಲ್ಲ ಅವನು ಲಿಫ್ಟ್ ಮಾಮ. ಲಿಫ್ಟ್ ಕೆಟ್ಟು ನಿಂತರೆ ಫೋನು ಹೋಗುತ್ತಿದ್ದುದು ಅವನಿಗೇ. ಐವತ್ತು ದಾಟಿದ್ದರೂ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಕಬ್ಬಿಣದ ಏಣಿ ಹತ್ತುವುದೆಂದರೆ ಮನೆಯ ಹೊಸ್ತಿಲು ದಾಟಿದಷ್ಟೇ ಸಲೀಸು. ಜೊತೆಗಿರುತ್ತಿದ್ದವನು ಹೆಂಡತಿಯ ತಮ್ಮ. ಮದುವೆಯಾದ ಹೊಸದರಲ್ಲೇ ಅವನನ್ನು ಈ ಕೆಲಸಕ್ಕೆ ಹಚ್ಚಿದ್ದ. ಈಗ ಭಾವಮೈದುನನ ತಲೆಯೂ ನರೆತಿತ್ತು. ಒಬ್ಬ ಮೇಲೆ ಯಂತ್ರದ ಬಳಿ, ಇನ್ನೊಬ್ಬ ಕೆಳಗೆ, ಲಿಫ್ಟು ಓಡಾಡುವ ಕತ್ತಲ ಬಾವಿಯೊಳಗೆ, ಲಿಫ್ಟಿನ ನೆತ್ತಿಯ ಮೇಲೆ. ನಡುವೆ ಇರುತ್ತಿದ್ದುದು ಕೂಗು ಮಾತ್ರ.

"ಭಾವ, ಬಿಡಿ."

"ಬಿಟ್ಟೆ."

"ಸಾಕು."

"ಸಾಕು."

ಅಷ್ಟೇ ಮಾತು. ಕೆಳಗಿದ್ದವನ ಜೀವ ಅದರ ಮೇಲೆ ನಿಂತಿರುತ್ತಿತ್ತು.

ಒಂದು ಬೆಳಿಗ್ಗೆ ಲಿಫ್ಟ್ ಮಾಮನಿಗೆ ಅಂಗಿ ತೊಡಲು ಆಗಲಿಲ್ಲ. ತೋಳು ಎದೆಯ ಮಟ್ಟ ದಾಟಿ ಏಳಲೊಲ್ಲದು. ಹೆಗಲು, ಕುತ್ತಿಗೆ, ಸೊಂಟ ಎಲ್ಲ ಮರದ ದಿಮ್ಮಿಯಾಗಿದ್ದವು. ಹೆಂಡತಿ ಶಿಶುವಿಹಾರದಲ್ಲಿ ಟೀಚರು. ತೋಳು ಹಿಡಿದು ತೂರಿಸಿ, ಗುಂಡಿ ಹಾಕಿ, "ಇನ್ನು ಮೂಗು ಒರೆಸಿ ಬ್ಯಾಗು ಹಾಕಿದ್ರೆ ನಮ್ಮ ಸ್ಕೂಲಿಗೇ ಕರ್ಕೊಂಡು ಹೋಗ್ಬಹುದು ನಿಮ್ಮನ್ನ" ಅಂದಳು. ಇಬ್ಬರೂ ನಕ್ಕರು. ನೋವು ವಾರವಾದರೂ ಇಳಿಯದಿದ್ದಾಗ ನಗು ನಿಂತಿತು.

ರಕ್ತಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ದೇಹದ ಕಾವಲು ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಸುತ್ತ ಉರಿಯೂತ ಎಬ್ಬಿಸಿದೆ, ಬೇಗ ಬಿಟ್ಟು ಹೋಗುವ ಕಾಯಿಲೆಯಲ್ಲ ಅಂದರು. ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ನುಂಗತೊಡಗಿದ ಮೂರನೆಯ ಬೆಳಿಗ್ಗೆ ಅವನು ಎರಡೂ ಕೈ ಎತ್ತಿ ಬಾಗಿಲ ಚೌಕಟ್ಟು ಮುಟ್ಟಿದ. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ಮತ್ತೊಮ್ಮೆ ಮುಟ್ಟಿ ತೋರಿಸಿದ. ಹೋದ ಪ್ರಾಣ ಮರಳಿ ಬಂದಂತಿತ್ತು ಅವನಿಗೆ.

ಅದರ ಬೆನ್ನಿಗೇ ಉಳಿದದ್ದೆಲ್ಲ ಬಂತು. ಮುಖ ಊದಿ ಗುಂಡಗಾಯಿತು, ಕಣ್ಣು ಒಳಗೆ ಹೂತುಕೊಂಡವು. ಲಿಫ್ಟಿನಲ್ಲಿ ಎದುರಾದ ಮಗುವೊಂದು ಅವನನ್ನು ಗುರುತಿಸದೆ ಅಮ್ಮನ ಹಿಂದೆ ಸರಿಯಿತು. ಎಷ್ಟು ತಿಂದರೂ ಹಸಿವು. ನಿದ್ದೆ ಹತ್ತಿರ ಸುಳಿಯದು. ಮೂಗಿನ ತುದಿಯಲ್ಲೇ ಕೋಪ.

ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಪ್ರಮಾಣ ಇಳಿಸತೊಡಗಿದರು. "ಇದನ್ನ ಒಂದೇ ಸಲ ನಿಲ್ಲಿಸೋ ಹಾಗಿಲ್ಲ. ದೇಹ ತಾನೇ ಮಾಡಿಕೊಳ್ಳಬೇಕಾದ್ದನ್ನ ಈಗ ಮಾತ್ರೆ ಕೊಡ್ತಿದೆ. ಹಾಗಾಗಿ ದೇಹ ಕೆಲಸ ಬಿಟ್ಟು ಮಲಗಿಬಿಟ್ಟಿದೆ. ಅದನ್ನ ಮೆಲ್ಲಗೆ ಎಬ್ಬಿಸಬೇಕು. ಥಟ್ಟನೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಕೇಳಿಸ್ತಾ?"

"ಕೇಳಿಸ್ತು ಡಾಕ್ಟ್ರೇ."

ಕೇಳಿಸಿದ್ದು ನಿಜ. ಆದರೆ ಪ್ರತಿ ಸಲ ಇಳಿಸಿದಾಗಲೂ ಹೆಗಲ ನೋವು ಬಾಗಿಲು ತಟ್ಟುತ್ತಿತ್ತು. ಭಾರದ ಕೆಲಸವಿದ್ದ ದಿನ ಅವನು ಯಾರಿಗೂ ಹೇಳದೆ ಒಂದು ಮಾತ್ರೆ ಹೆಚ್ಚು ನುಂಗುತ್ತಿದ್ದ, ಮರುದಿನ ತಪ್ಪಿತಸ್ಥನಂತೆ ಒಂದು ಬಿಡುತ್ತಿದ್ದ. ನೋವಿದೆ ಅಂದರೆ ಲಿಫ್ಟ್ ಕಂಪನಿಯವರು ಬಾವಿಯ ಕೆಲಸ ತಪ್ಪಿಸಿ ಮೂಲೆಗೆ ಕೂರಿಸುತ್ತಾರೆಂಬ ಭಯ. ಭಾವಮೈದುನ "ಹೇಗಿದೆ ಭಾವ?" ಎಂದು ಕೇಳಿದಾಗಲೆಲ್ಲ "ಕಲ್ಲುಗುಂಡು" ಅನ್ನುತ್ತಿದ್ದ.

ಒಂದು ಸಂಜೆ ಊಟಕ್ಕೆ ಕೂತವನು ಉಪ್ಪು ಕಡಿಮೆಯಾಯಿತೆಂದು ತಟ್ಟೆಯನ್ನೇ ಗೋಡೆಗೆ ಎಸೆದ. ಪಿಂಗಾಣಿ ಚೂರುಚೂರಾಯಿತು. ಹೆಂಡತಿ ಚೂರುಗಳನ್ನು ಆರಿಸಿ, ಗೋಡೆ ಒರೆಸಿ, ಆಮೇಲೆ ಎದುರಿಗೆ ಕೂತು ಹೇಳಿದಳು: "ನೀವು ಹೀಗಿರಲಿಲ್ಲ. ಮಾತಾಡ್ತಿರೋದು ಮಾತ್ರೆ, ಇವರಲ್ಲ ಅಂತ ನನಗೆ ನಾನೇ ಹೇಳ್ಕೋತೀನಿ. ಆದ್ರೆ ಕೇಳಿಸ್ಕೊಳ್ಳೋಳು ನಾನೇ ಅಲ್ವಾ?"

ಮರುದಿನ ಬೆಳಿಗ್ಗೆ ಅವನು ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದು ನೀರು ಬಿಟ್ಟ. ಅವಳಿಗೂ ಹೇಳಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಇಷ್ಟೇನಾ ಅಂದುಕೊಂಡ. ಆಮೇಲೆ ಮೈಯ ಕಸುವೆಲ್ಲ ಯಾರೋ ಹಿಂಡಿ ತೆಗೆದಂತಾಯಿತು. ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ನಿಂತರೆ ಕಣ್ಣು ಕತ್ತಲು. ಹೆಂಡತಿ ಕೇಳಿದರೆ ಪಿತ್ತ ಅಂದ.

ಅದೇ ವಾರ ಒಂದು ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಒಳಗೆ ಯಾರೂ ಇರಲಿಲ್ಲ. ಕೈಯಿಂದಲೇ ಮೇಲೆ ತರಬೇಕಿತ್ತು. ಭಾವಮೈದುನ ಎಂದಿನಂತೆ ಲಿಫ್ಟಿನ ನೆತ್ತಿಗೆ ಇಳಿದ. ಲಿಫ್ಟ್ ಮಾಮ ಯಂತ್ರದ ಕೋಣೆಯಲ್ಲಿ ಬ್ರೇಕಿನ ಹಿಡಿ ಎಳೆದು ಚಕ್ರ ತಿರುಗಿಸತೊಡಗಿದ. ಲಿಫ್ಟು ಮೊಳದಷ್ಟು ಮೇಲೆ ಬಂತು. ಅಷ್ಟರಲ್ಲಿ ವಾಂತಿ ಒತ್ತರಿಸಿ ಬಂದು, ಕಾಲು ಕುಸಿದು, ಅವನು ನೆಲಕ್ಕೆ ಬಿದ್ದ. ಕೈ ಬಿಟ್ಟೊಡನೆ ಬ್ರೇಕು ತಾನಾಗಿ ಕಚ್ಚಿಕೊಂಡಿತು. ಲಿಫ್ಟು ನಿಂತಿತು.

"ಭಾವ, ಇನ್ನೂ ಸ್ವಲ್ಪ."

ಲಿಫ್ಟು ಅಲುಗಲಿಲ್ಲ.

"ಭಾವ?"

ಕತ್ತಲಲ್ಲಿ ನಾಲ್ಕೈದು ಸಲ ಕೂಗಿ ಭಾವಮೈದುನ ಕಾಯುವುದನ್ನು ಬಿಟ್ಟ. ಲಿಫ್ಟು ಜಾರಿ ಓಡಾಡಲೆಂದು ಗೋಡೆಗೆ ಹೊಂದಿಸಿದ್ದ ಕಂಬಿ ಹಿಡಿದು ಮೇಲಿನ ಮಹಡಿಯ ಬಾಗಿಲಿನತ್ತ ಹತ್ತತೊಡಗಿದ. ಹಾಗೆ ಹತ್ತಬಾರದೆಂದು ಅವನಿಗೆ ಕಲಿಸಿದ್ದವನೇ ಭಾವ. ಕಂಬಿಗೆ ಬಳಿದಿದ್ದ ಎಣ್ಣೆಗೆ ಬೂಟು ಜಾರಿತು. ಲಿಫ್ಟಿನ ನೆತ್ತಿಗೆ ಮರಳಿ ಬಿದ್ದಾಗ ಬಲಗಾಲ ಹಿಮ್ಮಡಿ ಮೈಭಾರದಡಿ ಸಿಕ್ಕಿ ನುಚ್ಚಾಯಿತು. ಬಿದ್ದಲ್ಲಿಂದಲೇ ಸ್ಪ್ಯಾನರಿನಿಂದ ಗೋಡೆ ಬಡಿದ. ಆ ಮಹಡಿಯ ಹೆಂಗಸೊಬ್ಬಳು ಸದ್ದು ಕೇಳಿ ಬಾಗಿಲ ಸಂದಿಗೆ ಬಾಯಿಟ್ಟು ಯಾರೆಂದು ಕೇಳಿದಳು.

"ನನ್ನನ್ನ ಆಮೇಲೆ ನೋಡಿ ಅಮ್ಮ. ಮೇಲಿನ ಕೋಣೆಗೆ ಹೋಗಿ. ನಮ್ಮ ಭಾವ ಮಾತಾಡ್ತಿಲ್ಲ."

ಆಸ್ಪತ್ರೆ ತಲುಪುವ ಹೊತ್ತಿಗೆ ಲಿಫ್ಟ್ ಮಾಮನ ನಾಡಿ ಕೈಗೆ ಸಿಗುತ್ತಿರಲಿಲ್ಲ. ರಕ್ತದೊತ್ತಡ ಪಾತಾಳ ಕಂಡಿತ್ತು. ಹೃದಯಾಘಾತವಿರಬೇಕೆಂದು ಓಡಾಡುತ್ತಿದ್ದವರಿಗೆ ಹೆಂಡತಿ ಬಂದು ಸ್ಟೀರಾಯ್ಡಿನ ಹೆಸರು ಹೇಳಿದ ಮೇಲೆಯೇ ದಾರಿ ಕಂಡದ್ದು. ಅದೇ ಔಷಧಿಯನ್ನು ನರಕ್ಕೆ ಕೊಟ್ಟು, ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರು. ಸಂಜೆ ಅವನು ಕಣ್ಣು ಬಿಟ್ಟಾಗ ಅವಳು ಕೇಳಿದ್ದು ಒಂದೇ ಮಾತು.

"ಯಾವತ್ತಿಂದ ಬಿಟ್ರಿ?"

ಅವನು ಹೇಳಿದ. ತಟ್ಟೆ ಎಸೆದ ಮರುದಿನ ಅದು ಎಂದು ಅವಳಿಗೆ ಅರ್ಥವಾಯಿತು. ಎದ್ದು ಕೆಳಗಿನ ವಾರ್ಡಿಗೆ, ತಮ್ಮನ ಬಳಿಗೆ ಹೋದಳು.

ಭಾವಮೈದುನನ ಹಿಮ್ಮಡಿಗೆ ಎರಡು ಸಲ ಆಪರೇಷನ್ ಆದರೂ ಮೂಳೆ ಸರಿಯಾಗಿ ಕೂಡಲಿಲ್ಲ. ಕೋಲಿಲ್ಲದೆ ಅವನು ನಡೆಯಲಾರ. ಈಗ ಯಾವುದೋ ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕಾಯುತ್ತಾನೆ. ಅವನ ಹೆಂಡತಿ ಲಿಫ್ಟ್ ಮಾಮನ ಮನೆಯವರೊಂದಿಗೆ ಮಾತು ಬಿಟ್ಟಳು.

ಲಿಫ್ಟ್ ಮಾಮ ಮಾತ್ರೆಯನ್ನು ಮತ್ತೆ ಮೊದಲಿನಿಂದ ಇಳಿಸಬೇಕಾಯಿತು. ಈ ಸಲ ಡಬ್ಬಿ ಹೆಂಡತಿಯ ಕೈಯಲ್ಲಿತ್ತು. ಮಾತ್ರೆಯನ್ನು ಅವಳು ಬ್ಲೇಡಿನಿಂದ ಅರ್ಧ, ಅರ್ಧವನ್ನು ಕಾಲು ಮಾಡುತ್ತಿದ್ದಳು. ಪುಡಿ ಉದುರಿದರೆ ಬೆರಳಿಗೆ ಅಂಟಿಸಿ ಅವನ ಅಂಗೈಗೆ ಒರೆಸುತ್ತಿದ್ದಳು. ತಿಂಗಳಿಗೆ ಒಂದು ಚೂರು ಕಡಿಮೆ. ಪ್ರತಿ ಸಲವೂ ಮೊದಲ ವಾರ ಮೈಯೆಲ್ಲ ಸೀಸದಷ್ಟು ಭಾರ. ಬಂದದ್ದು ಹಳೆಯ ಕಾಯಿಲೆಯೋ, ಔಷಧಿ ಇಳಿದ ಸಂಕಟವೋ ಎಂದು ತಿಳಿಯದೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎರಡು ಸಲ ಒಂದು ಮೆಟ್ಟಿಲು ಹಿಂದೆ ಹೋಗಬೇಕಾಯಿತು. ನಡುವೆ ಒಂದು ದಿನ ನೀರಿನ ಬಕೆಟ್ ಎತ್ತುವಾಗ ಬೆನ್ನಲ್ಲಿ ಏನೋ ಲಟಕ್ಕೆಂದಿತು. ಮಾತ್ರೆ ಮೂಳೆಯನ್ನು ಒಳಗೊಳಗೇ ತಿಂದಿತ್ತು. ಬೆನ್ನುಮೂಳೆಯ ಒಂದು ಗೆಣ್ಣು ಕುಸಿದು ಅವನು ಸ್ವಲ್ಪ ಕುಳ್ಳಗಾದ. ಪ್ಯಾಂಟುಗಳೆಲ್ಲ ನೆಲ ಗುಡಿಸತೊಡಗಿದವು.

ಕಂಪನಿ ಅವನನ್ನು ದೂರು ಬರೆದುಕೊಳ್ಳುವ ಫೋನಿನ ಮುಂದೆ ಕೂರಿಸಿತು. ಮುಖ ಇಳಿದು ಹಳೆಯ ಮುಖದ ಹತ್ತಿರಕ್ಕೆ ಬಂತು, ಆದರೆ ಮಕ್ಕಳಿಗೆ ಈಗ ಅವನು ಕಾಣಸಿಗುವುದಿಲ್ಲ. ಕೊನೆಯ ಸಲ ರಕ್ತಪರೀಕ್ಷೆ ನೋಡಿದ ಡಾಕ್ಟರಮ್ಮ, "ದೇಹ ಪೂರ್ತಿ ಎದ್ದಿಲ್ಲ. ಈ ಕಾಲು ಮಾತ್ರೆ ಇರ್ಲಿ. ಬಹುಶಃ ಯಾವಾಗ್ಲೂ" ಅಂದರು. ಅವನು ತಲೆಯಾಡಿಸಿದ.

ಭಾವಮೈದುನ ಬಂದದ್ದು ಒಂದು ವರ್ಷ ಕಳೆದ ಮೇಲೆ, ಭಾನುವಾರ ಬೆಳಿಗ್ಗೆ. ಅಕ್ಕ ಕಾಫಿ ಕೊಟ್ಟು ಒಳಗೆ ಹೋದಳು. ಅವನು ಕೋಲನ್ನು ಗೋಡೆಗೆ ಒರಗಿಸಿ ಕೂತ.

"ಕಾಲು ಹೋಗಿದ್ದಕ್ಕಲ್ಲ ಭಾವ," ಅಂದ. "ಹುಷಾರಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಆವತ್ತು ನಾವು ಕೆಲಸಕ್ಕೇ ಹೋಗ್ತಿರಲಿಲ್ಲ."

"ಹೌದು."

"ಪ್ರತಿ ದಿನ ಕೇಳ್ತಿದ್ದೆ ನಿಮ್ಮನ್ನ."

"ಕೇಳ್ತಿದ್ದೆ ನೀನು."

ಕಾಫಿ ಆರಿತು. ಭಾವಮೈದುನ ಅದನ್ನು ಹಾಗೆಯೇ ಕುಡಿದು ಎದ್ದ.

ಈಗ ಭಾನುವಾರ ಒಮ್ಮೊಮ್ಮೆ ಬರುತ್ತಾನೆ. ಒಬ್ಬ ಸೊಂಟಕ್ಕೆ ಪಟ್ಟಿ ಬಿಗಿದು, ಇನ್ನೊಬ್ಬ ಕಾಲು ಚಾಚಿ ಕೂರುತ್ತಾರೆ. ಹೊಸ ಲಿಫ್ಟುಗಳಿಗೆ ಯಂತ್ರದ ಕೋಣೆಯೇ ಇರುವುದಿಲ್ಲವಂತೆ ಎಂದು ಮಾತಾಡಿಕೊಳ್ಳುತ್ತಾರೆ. ಭಾವಮೈದುನನ ಹೆಂಡತಿ ಇನ್ನೂ ಬಂದಿಲ್ಲ.