ಆಂಟಿಗುವಾದಿಂದ ಬಂದ ಬೀಗ

ದಿಂಡಿಗಲ್ಲಿನ ಶಿವಬಾಲನ್ ಮೂವತ್ತೆಂಟು ವರ್ಷ ಕೀಲಿಕೈ ಕಳೆದ ಪೂಟುಗಳ ಜೊತೆ ಯುದ್ಧ ಮಾಡಿದ ವೀರ. ಅರ ಅವನ ಖಡ್ಗ, ಮುಕ್ಕಾಲಿ ಸಿಂಹಾಸನ. ತಿಜೋರಿಗಳು, ಗುಡಿಯ ಹುಂಡಿಗಳು ಅವನ ಮುಂದೆ ಬಾಯಿ ತೆರೆದಿದ್ದವು. ತೆರೆಯದೆ ಉಳಿದ ಬಾಯಿ ಒಂದೇ, ಚಿನ್ನಮನೂರಿನ ಬೀಗರು ಪಾಂಡಿಯರಾಜನ್ ಅವರದು. ಮಗಳು ಯುವಶ್ರೀಯ ನಿಶ್ಚಿತಾರ್ಥವಾಗಿ ನಾಲ್ಕು ತಿಂಗಳಾದರೂ ಮದುವೆಯ ದಿನದ ಬಗ್ಗೆ ಅವರು ತುಟಿ ಬಿಚ್ಚಿರಲಿಲ್ಲ. ಮಗಳು ಅಪ್ಪನಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬ ಹೆಂಗಸಿನ ಫೋನು ಬಂತು.

"ಬೀಗ ಬಾಯಿ ಬಿಡ್ತಾನೇ ಇಲ್ಲ ಸಾರ್. ತುಂಬಾ ಹಳೇದು. ಎಣ್ಣೆ ಹಾಕಿದ್ರೂ ಜಗ್ಗಲಿಲ್ಲ. ಗುರುವಾರ ನಿಮ್ಮಲ್ಲಿಗೆ ಬರುತ್ತೆ. ದಯವಿಟ್ಟು ಒಡೀಬೇಡಿ."

ತಮಿಳು ಬೆರೆತ ಶಿವಬಾಲನ್ ಮನೆಯ ಕನ್ನಡದಲ್ಲಿ ಬಾಗಿಲಿಗೆ ಹಾಕುವುದು ಪೂಟು. ಬೀಗ ಎಂದರೆ ಮಗಳ ಮಾವ, ಬೇರೆ ಅರ್ಥವಿಲ್ಲ. ಹೊಡೆಯುವುದಕ್ಕೂ ಒಡೆಯುವುದಕ್ಕೂ ಅಲ್ಲಿ ಒಂದೇ ಮಾತು.

"ಬೀಗ್ರನ್ನ ಒಡೆಯೋ ವಂಶ ನಮ್ದಲ್ಲ ತಾಯಿ," ಎಂದ.

"ತುಂಬಾ ಸಂತೋಷ," ಎಂದು ಅವಳು ಫೋನಿಟ್ಟಳು.

"ಬೀಗ್ರನ್ನ 'ಬತ್ತದೆ' ಅಂದ್ಲಾ, ಎಮ್ಮೆ ಬತ್ತದೆ ಅನ್ನೋಂಗೆ?" ಹೆಂಡತಿ ಮುತ್ತುಲಕ್ಷ್ಮಿಗೆ ಅದು ಸರಿಬರಲಿಲ್ಲ.

"ಬೆಂಗಳೂರು ಮರ್ಯಾದೆ ಅಷ್ಟೇ ಇರ್ಬೇಕು."

"ಎಣ್ಣೆ ಯಾಕೆ ಆಕಿದ್ರು?"

"ತಲೆಗೆ. ಬುದ್ಧಿ ತಣ್ಣಗಾಗ್ಲಿ ಅಂತ."

ಗುರುವಾರ ಬೀಗರಿಗೆಂದು ಜೀರಗ ಸಾಂಬಾ ಅಕ್ಕಿಯ ಮಟನ್ ಬಿರಿಯಾನಿ ದಮ್ಮಿಗೆ ಕೂತಿತು. ಹನ್ನೊಂದಕ್ಕೆ ಕೊರಿಯರಿನವರು ಒಂದು ಪೆಟ್ಟಿಗೆ ಇಳಿಸಿ ಹೋದರು. ಒಳಗೆ ತೆಂಗಿನಕಾಯಿ ಗಾತ್ರದ ತುಕ್ಕು ಹಿಡಿದ ಪೂಟು, ಕೀಲಿಕೈ, ಒಂದು ಇಂಗ್ಲಿಷ್ ಪತ್ರ. ಮೇಲೊಂದು ಕನ್ನಡದ ಚೀಟಿ: 'ಬೀಗ ಕಳಿಸಿದ್ದೇವೆ.'

ಮುತ್ತುಲಕ್ಷ್ಮಿ ಅದನ್ನು ಸುತ್ತಿ ನೋಡಿದಳು. "ಮೂಗು ಮಾತ್ರ ಅವ್ರಂಗೇ ಅದೆ."

ಯುವಶ್ರೀ ಬಿದ್ದು ಬಿದ್ದು ನಕ್ಕಳು. ಆಮೇಲೆ ಪತ್ರ ಓದಿ ಹೇಳಿದಳು. ವೆಸ್ಟ್ ಇಂಡೀಸಿನ ಆಂಟಿಗುವಾ ದ್ವೀಪ. ಸಕ್ಕರೆ ಬೆಳೆಯುವ ದ್ವೀಪಗಳನ್ನು ಕಾಯುವ ಇಂಗ್ಲಿಷರ ಯುದ್ಧಹಡಗುಗಳಿಗೆ ಸುಮಾರು ಮುನ್ನೂರು ವರ್ಷದ ಹಿಂದೆ ಅಲ್ಲೊಂದು ದುರಸ್ತಿ ಕಟ್ಟೆ ಎದ್ದಿತು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕಾದವರನ್ನು ತಂದು ದುಡಿಸಿ ಕಟ್ಟಿಸಿದ್ದು. ನೌಕಾಪಡೆ ಹೋದಮೇಲೆ ಪಾಳುಬಿದ್ದು, ಈಗ ಪ್ರವಾಸಿಗಳು ನೋಡುವ ಜಾಗ. ಈ ಪೂಟು ಹಗ್ಗ, ಹಾಯಿಬಟ್ಟೆ ಇಡುವ ಉಗ್ರಾಣದ್ದಂತೆ; ಬೆಂಗಳೂರಿನ ವಸ್ತುಸಂಗ್ರಹಾಲಯದವರು ಪ್ರದರ್ಶನಕ್ಕೆ ತರಿಸಿದ್ದಂತೆ.

"ವೆಸ್ಟ್ ಇಂಡಿಯಾ ಅಂದ್ರೆ ಕುಮುಳಿ ದಾಟಿದ್ರೆ ಬತ್ತದಲ್ಲ, ಕೇರಳದ ಕಡೆ."

"ಇಲ್ಲಪ್ಪಾ. ಕೊಲಂಬಸ್ ಇಂಡಿಯಾ ಉಡುಕ್ಕೊಂಡು ಓಗಿ, ಸಿಕ್ಕಿದ್ದನ್ನೇ ಇಂಡಿಯಾ ಅಂದ್ಕೊಂಡ."

"ಅವನಿಗೂ ಬೆಂಗಳೂರಿಂದ ಫೋನ್ ಬಂದಿರ್ಬೇಕು. ಸರಿ, ಕಟ್ಟಿದ್ದು ಆಫ್ರಿಕಾದೋರು. ಪೂಟು ಯಾರಿಗಂತ ಆಕಿದ್ದು?"

"ಕಟ್ಟಿದೋರಿಗೇ. ಒಳಗೆ ಬರ್ದಂಗೆ."

ಶಿವಬಾಲನ್ ಮತ್ತೇನೂ ಕೇಳದೆ ಯುದ್ಧಕ್ಕೆ ಕೂತ. ಒಂದು ಗಂಟೆ ಕೀಲಿಕೈಯನ್ನು ಬಲಕ್ಕೆ ತಿರುಗಿಸಿ ಸೋತ. ಸಿಟ್ಟಿಗೆ ಎಡಕ್ಕೊಮ್ಮೆ ತಿರುಗಿಸಿದ. ಪೂಟು ಆಕಳಿಸಿದ ಹಾಗೆ ಬಾಯಿ ತೆರೆಯಿತು.

ಬಿಚ್ಚಿ ನೋಡಿದರೆ ಒಳಗೆ ಕೀಲಿಕೈ ಎತ್ತುವ ಲಿವರ್ ತಗಡುಗಳಲ್ಲಿ ಒಂದು ಬೇರೆ ಕೈಯದು. ಆ ಕಟ್ಟೆಯ ಕಮ್ಮಾರ ಯಾರೋ ಅಲ್ಲೇ ಕೂತು, ಅರ ಉಜ್ಜಿ, ಉಲ್ಟಾ ಕೂರಿಸಿದ್ದ. ಅಂಚಿನಲ್ಲಿ ಮೂರು ಗೀರು. ಶಿವಬಾಲನ್ ತಾನೂ ಪ್ರತಿ ಪೂಟಿನೊಳಗೆ ಎರಡು ಗೀರು ಎಳೆಯುತ್ತಿದ್ದ. ಇದು ಆ ಕಮ್ಮಾರನ ತಪ್ಪೋ, ಕಿತಾಪತಿಯೋ? ದೊರೆಗಳು ಬಲಕ್ಕೆ ತಿರುಗಿಸಿ ಬೆವರುತ್ತಿರಲಿ ಅಂತಲೇ ಮಾಡಿದ್ದೋ? ಅವನಿಗೆ ತಲೆಬುಡ ತಿಳಿಯಲಿಲ್ಲ.

ಬಿರಿಯಾನಿ ಮಾತ್ರ ಆರುತ್ತಿತ್ತು. ನಾಲ್ಕು ತಿಂಗಳು ಬೀಗರ ಫೋನಿಗೆ ಕಾದವನು ಈಗ ತಾನಾಗಿಯೇ ಚಿನ್ನಮನೂರಿಗೆ ಫೋನು ಹಚ್ಚಿದ.

"ಬೀಗ್ರೇ, ಊಟಕ್ಕೆ ಬನ್ನಿ. ಮದ್ವೆ ದಿನಾನೂ ಏಳ್ಬಿಡಿ."

"ದಿನ ಏಳ್ಬೇಕಾದೋರು ಎಣ್ಣಿನ ಕಡೆಯೋರಲ್ವಾ?" ಪಾಂಡಿಯರಾಜನ್ ಕೇಳಿದರು. "ನಿಮ್ಗೆ ಇಷ್ಟವಿಲ್ವೇನೋ ಅಂತ ನಾವು ನಾಲ್ಕು ತಿಂಗಳಿಂದ ಬಾಯಿ ಮುಚ್ಕೊಂಡು ಕೂತಿದೀವಿ. ಪೊಂಗಲ್ ಕಳೆದು ತೈ ತಿಂಗಳಲ್ಲಿ ಆಗುತ್ತಾ?"

"ಆಗುತ್ತೆ," ಎಂದು ಒಳಗಿನಿಂದ ಯುವಶ್ರೀಯೇ ಕೂಗಿದಳು.

ಶಿವಬಾಲನ್ ಬೆಂಗಳೂರಿಗೂ ಸುದ್ದಿ ಮುಟ್ಟಿಸಿದ. "ಬೀಗ ಬಾಯಿ ಬಿಡ್ತು ತಾಯಿ. ಬತ್ತಲಗುಂಡು ಊರ ಮೇಲೆ ಬರೋ ಬಸ್ಸಲ್ಲಿ ಊಟಕ್ಕೆ ಬತ್ತಾ ಅದೆ."

ಆ ಕಡೆಯಿಂದ ಹೆಂಗಸು ಕೇಳಿದಳು:

"ಊಟಕ್ಕಾ?"