ಕದಲಿಸಿದ ಲ್ಯಾಪ್‌ಟಾಪು

ಆರ್‌ಪಿಸಿ ಲೇಔಟಿನಲ್ಲಿ ಯಾವ ಸಮಾರಂಭವಿದ್ದರೂ ಮೈಕು, ಸ್ಪೀಕರು ಮಹದೇವಣ್ಣನವೇ. ಹೇರೋಹಳ್ಳಿಯಲ್ಲಿ ಅವರ ತಂದೆ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಸ್ಪೀಕರುಗಳಿವೆ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೂ ಕುಂಕುಮ, ಸೇವಂತಿಗೆ ಹಾರ. ಆಮೇಲೆ ವಿಜಯದಶಮಿಯ ರಾತ್ರಿ ಮನೆಯಲ್ಲಿ ಮಂಗಳಾರತಿ ಆಗುವವರೆಗೆ ಅದನ್ನು ಆಫ್ ಮಾಡುವಂತಿಲ್ಲ. ಮಾಡಿದರೆ ದೀಪ ಆರಿಸಿದಂತೆ ಎಂಬುದು ಅವರ ನಂಬಿಕೆ. ಈ ಸಲ, ಹೊಸದೇನಿದ್ದರೂ ಒಳ್ಳೆಯ ದಿನವೇ ಸೇರಲಿ ಎಂದು, ಪೂಜೆ ಮುಗಿದ ಕೂಡಲೇ ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸ್‌ಗೆ ಅಪ್‌ಡೇಟ್ ಬೇರೆ ಕೊಟ್ಟಿದ್ದರು.

ದಶಮಿಯ ಸಂಜೆ ಪಾರ್ಕಿನ ವೇದಿಕೆಯಲ್ಲಿ ಅವರ ಮಗಳು ಧನ್ಯಶ್ರೀಯ ಮೊದಲ ನೃತ್ಯ. ಹಾಡು ಇದ್ದದ್ದು ಟೀಚರು ಕೊಟ್ಟ ಪೆನ್‌ಡ್ರೈವಿನಲ್ಲಿ ಮಾತ್ರ. ಆಫ್ ಮಾಡದೆ ಹಾಗೆಯೇ ಹೊತ್ತು ತಂದ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿದರೆ ಏನೂ ಕಾಣಿಸಲಿಲ್ಲ. ಮಹದೇವಣ್ಣ ಊದಿದರು, ಅಂಗಿಗೆ ಒರೆಸಿದರು, ಮತ್ತೆ ಚುಚ್ಚಿದರು. ಮಗಳು ಕೈಮುಗಿದ ಭಂಗಿಯಲ್ಲೇ ನಿಂತಿದ್ದಳು.

"ಸ್ವಲ್ಪ ನೋಡ್ತೀನಿ ಕಣಪ್ಪಾ. ಆಮೇಲೆ ಮಿಮಿಕ್ರಿಯವ್ರನ್ನ ಹತ್ತಿಸ್ತೀನಿ," ಎಂದರು ಸಂಘದ ಅಧ್ಯಕ್ಷ ಅಮೀನಪ್ಪ.

ಕಂಪ್ಯೂಟರ್ ಓದಿದವನೆಂದು ಮಹದೇವಣ್ಣ ಜನರ ನಡುವೆ ಕೂತಿದ್ದ ನನ್ನನ್ನು ಕರೆದರು. ನನ್ನ ಲ್ಯಾಪ್‌ಟಾಪು ಆಫೀಸಿನಲ್ಲಿ ಪೂಜೆಗೆ ಕೂತಿತ್ತು. ಕಮಾಂಡ್ ಕೊಟ್ಟು ನೋಡಿದೆ. ಪೆನ್‌ಡ್ರೈವ್ ಓದುವ ಮಾಡ್ಯೂಲೇ ಸಿಗುತ್ತಿಲ್ಲ ಎಂಬ ಎರರ್. ಅಪ್‌ಡೇಟು ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಹೊಸದಾಗಿ ತಂದಿಟ್ಟು, ಹಳೆಯದರ ಮಾಡ್ಯೂಲುಗಳನ್ನು ಅಳಿಸಿತ್ತು. ರೀಸ್ಟಾರ್ಟ್ ಆಗದ್ದರಿಂದ ಓಡುತ್ತಿದ್ದದ್ದು ಹಳೆಯ ಕರ್ನಲ್ಲೇ.

"ಅಣ್ಣ, ಸಾಮಾನೆಲ್ಲ ಲಾರೀಲಿ ಹೊಸ ಮನೆಗೆ ಹೋಗಿದೆ. ಇದು ಹಳೇ ಮನೆ ಬೀರುನಲ್ಲಿ ತಡಕಾಡ್ತಾ ಇದೆ. ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ."

"ಮಂಗಳಾರತಿ ಆಗಿಲ್ವಲ್ಲೋ! ಆಫ್ ಮಾಡ್ದೆ ಆನ್ ಮಾಡು."

"ಅದು ಹೆಂಗಣ್ಣಾ ಆಗತ್ತೆ?"

"ಮತ್ತೆ ಡಿಗ್ರಿ ಯಾಕೋ ಮಾಡ್ದೆ?"

ಮುಂದಿನ ಸಾಲಿನಿಂದ ಮಹದೇವಣ್ಣನ ತಾಯಿ ಚಿಕ್ಕಗಂಗಮ್ಮ ಎದ್ದು ಬಂದರು. "ಗೌರಮ್ಮನ್ನೇ ಕದಲಿಸಿ ಕಳಿಸ್ಕೊಡ್ತೀವಿ, ಇದ್ಯಾವ ದೊಡ್ಡ ದೇವ್ರೋ? ಉತ್ತರ ಯಾವ ಕಡೆ?" ಎಂದು ಕೇಳಿ, ಪೂಜೆ ಮುಗಿಸಿ ಕಳಶ ಕದಲಿಸುವಂತೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ತುಸು ಉತ್ತರಕ್ಕೆ ಸರಿಸಿದರು. "ಆಯ್ತು. ಒತ್ತಪ್ಪಾ."

ಒತ್ತಿದೆ. ಪರದೆ ಕಪ್ಪಾಯಿತು. ಮಹದೇವಣ್ಣ ಕೆನ್ನೆ ಬಡಿದುಕೊಂಡರು. ಅಕ್ಷರಗಳು ಸರಸರ ಓಡಿ, ಪೆನ್‌ಡ್ರೈವು ಕಾಣಿಸಿಕೊಂಡಿತು.

ಹಾಡು ಸಣ್ಣಗೆ ಶುರುವಾಯಿತು. ಧನ್ಯಶ್ರೀ ಮೊದಲ ಹೆಜ್ಜೆ ಇಟ್ಟಳು. ಅಪ್ಪ ಎಲ್ಲ ಮರೆತು ನೋಡುತ್ತ ನಿಂತುಬಿಟ್ಟರು.

"ಸೌಂಡ್ ಕೊಡಣ್ಣೋ!" ಹಿಂದಿನಿಂದ ಕೂಗು.

"ಸುಮ್ನಿರ್ರೀ, ಮಗಳು ಕುಣೀತಾ ಇದ್ದಾಳೆ!" ಎಂದು ಮಹದೇವಣ್ಣ ತಿರುಗಿ ಗದರಿದರು. ವಾಲ್ಯೂಮನ್ನು ಕೊನೆಗೆ ನಾನೇ ಏರಿಸಬೇಕಾಯಿತು.