ಹಲ್ಲಿನಲ್ಲಿ ಕೇಳಿದ ನಗು

ನಮ್ಮ ಮಾವನವರು ಗ್ರಾಮಫೋನನ್ನು ಹಲ್ಲಿನಲ್ಲಿ ಕೇಳುತ್ತಿದ್ದರು. ಚಿಕ್ಕಂದಿನಲ್ಲಿ ಸೋರಿ ಸೋರಿ ಎರಡೂ ಕಿವಿ ಮಂದವಾಗಿದ್ದವು. ಪೆಟ್ಟಿಗೆಯ ಮರದ ಅಂಚಿಗೆ ಮುಂದಿನ ಹಲ್ಲು ಊರಿ ಕಣ್ಣು ಮುಚ್ಚಿದರೆ ಹಾಡು ದವಡೆಯಿಂದ ತಲೆಗೆ ಹತ್ತುತ್ತಿತ್ತಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನೋಡಿ ನಾನು ಚಹಾದ ಕಪ್ಪು ಕೈಬಿಟ್ಟಿದ್ದೆ. "ಹೆದರಬ್ಯಾಡವ್ವ, ಹಸಿವಾಗಿಲ್ಲ ನನಗ," ಅಂದಿದ್ದರು.

ತೊಂಬತ್ತರ ದಶಕದ ಕೊನೆಗೆ ದಾವಣಗೆರೆಯ ಹೋಟೆಲಿನವರಿಗೆ, ಬಂಗಾರದ ಅಂಗಡಿಯವರಿಗೆಲ್ಲ ಹಳೆಯ ಗ್ರಾಮಫೋನಿನ ಹುಚ್ಚು ಹಿಡಿಯಿತು. ಬೆಲೆ ಕಟ್ಟಿಸಲು ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೇ ಹೊತ್ತು ತರುತ್ತಿದ್ದರು. ಗ್ರಾಮಫೋನ್ ರಿಪೇರಿಯಲ್ಲೇ ಆಯುಷ್ಯ ಕಳೆದಿದ್ದ ಮಾವನವರು ಸ್ಕ್ರೂ ತಡವಿ, ಹಾಡು ಹೊರಬರುವ ಹಿತ್ತಾಳೆ ಕೊಳವೆಯ ಬೆಸುಗೆ ನೋಡಿ, ಕೊನೆಗೆ ಪೆಟ್ಟಿಗೆ ಕಚ್ಚಿ, ದಣಿದ ದನಿಯಲ್ಲಿ ಅದೇ ಮಾತು ಹೇಳುತ್ತಿದ್ದರು: "ಡಬ್ಬಿ ಹಳೇದು, ಕೊಳವಿ ಹೊಸಾದು. ಎರಡನೇ ಸಂಬಂಧ ಇದು. ಚಂದಾಗಿ ಬಾಳ್ವೆ ಮಾಡ್ಲಿ, ತಗಂಡೋಗ್ರಿ."

ಬಂದವರ ಪ್ರಶ್ನೆಗಳನ್ನು ಅವರ ಕಿವಿಗೆ ಕೂಗುವ ಕೆಲಸ ನನ್ನದು. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಓಡಿ ಬರಬೇಕು. ಸಂಜೆಗೆ ಗಂಟಲು ಬಿದ್ದು, ಸಿಟ್ಟು ನೆತ್ತಿಗೇರಿರುತ್ತಿತ್ತು. "ನನಗೂ ಸಾಕಾಗೈತವ್ವ," ಅನ್ನುತ್ತಿದ್ದರು. "ಹೋಗೋದ್ರೊಳಗ ಒಂದು ಖರೇ ಫೋನೋಗ್ರಾಫ್ ಕೇಳಬೇಕು. ತಟ್ಟೆದಲ್ಲ, ಲೋಟದಂಥಾ ಮೇಣದ ಉರುಳೇದು. ಅದು ಹಾಡೋದಷ್ಟ ಅಲ್ಲ, ಎದುರಿಗೆ ಕುಂತೋರ ಮಾತನ್ನೂ ಹಿಡೀತಿತ್ತು."

ಅಷ್ಟರಲ್ಲಿ ವಸಡಿನಲ್ಲಿ ಕೀವಾಗಿ ಹಲ್ಲು ಅಲ್ಲಾಡತೊಡಗಿದವು. ಅಷ್ಟೂ ಕೀಳಬೇಕು ಎಂದರು ಡಾಕ್ಟರು. ಬೇರೆಯವರಾದರೆ ಚಕ್ಕುಲಿ ತಪ್ಪಿತಲ್ಲ ಅಂತ ಕೊರಗಿಯಾರು. ಇವರಿಗೆ ಇದ್ದೊಂದು ಕಿವಿಯೇ ಹೋಗುವುದಿತ್ತು. ನಾಳೆ, ನಾಡಿದ್ದು ಎಂದು ನೋವು ನುಂಗಿಕೊಂಡು ಗಂಜಿ ಕುಡಿಯುತ್ತ ಕೂತರು.

ಆಗ ಭಾನುವಳ್ಳಿಯಿಂದ ಮಲ್ಲಮ್ಮ ಎಂಬ ವಯಸ್ಸಾದ ಹೆಂಗಸು ಹೇಳಿಕಳಿಸಿದರು: ಮನೆಯಲ್ಲೊಂದು ಹಾಡಿನ ಪೆಟ್ಟಿಗೆ ಇದೆ, ಮಾರಬೇಕು, ಅದಕ್ಕೆ ತಟ್ಟೆ ಇಲ್ಲ, ಉರುಳೆ ಇದೆ. ಬಾತ ಕೆನ್ನೆಗೆ ಟವೆಲ್ ಸುತ್ತಿಕೊಂಡು ಮಾವನವರು ಹೊರಟೇಬಿಟ್ಟರು. ಹರಿಹರದಲ್ಲಿ ಬಸ್ಸು ಬದಲಿಸಿ ನಾನೇ ಕರೆದುಕೊಂಡು ಹೋದೆ.

ಅದು ನಿಜವಾದ ಫೋನೋಗ್ರಾಫೇ ಆಗಿತ್ತು. ಕೊಳವೆ ಎಂದೋ ಕಳೆದುಹೋಗಿತ್ತು. ಉಳಿದಿದ್ದ ಒಂದೇ ಉರುಳೆಗೆ ಬೂಷ್ಟು ಹಿಡಿದಿತ್ತು. ಕೀಲಿ ಕೊಟ್ಟಾಗ ನನಗೂ ಮಲ್ಲಮ್ಮನವರಿಗೂ ಕೇಳಿದ್ದು ಬರೀ ಕೆರೆತ. ಮಾವನವರು ಅಂಚನ್ನು ಕಚ್ಚಿದರು. ನೋವಿಗೆ ಮುಖ ಹಿಂಡಿತು. ತುಟಿಯ ಬದಿಯಿಂದ ರಕ್ತ ಇಳಿಯಿತು. "ಬಿಡ್ರಿ ಮಾವ, ಸಾಕು," ಎಂದು ಭುಜ ಹಿಡಿದು ಎಳೆದೆ. ನನ್ನ ಕೈ ಕೊಡವಿದರು. ಉರುಳೆ ನಿಂತ ಮೇಲೆ ತಲೆ ಎತ್ತಿದಾಗ ಒಂದು ಹಲ್ಲು ಮರಕ್ಕೇ ಅಂಟಿಕೊಂಡಿತ್ತು.

"ಒಬ್ಬಾಕಿ ನಗ್ತಾಳ," ಅಂದರು. "ಏನು ಮಾತಾಡಬೇಕಂತ ತಿಳೀದ ನಗ್ತಾಳ. ಹಿಂದಿಂದ ಒಬ್ಬ ಗಂಡಸು 'ಮಾತಾಡು ಗಂಗಾ' ಅಂತಾನ. ಮತ್ತ ನಗ್ತಾಳ."

ಮಲ್ಲಮ್ಮ ಪೆಟ್ಟಿಗೆಯ ಹತ್ತಿರಕ್ಕೆ ಸರಿದು ಕೂತರು. "ಅದು ನಮ್ಮತ್ತಿ ಹೆಸರು. ಅವರು ಸಾಯೋ ತನಕ ಅವರ ಕೈಕೆಳಗೇ ಬಾಳ್ವೆ ಮಾಡಿದೆ. ಒಂದಿನಾನೂ ನಕ್ಕಿದ್ದು ಕಾಣ್ಲಿಲ್ಲ. ಹೆಂಗೆ ನಗ್ತಾರ್ರಿ?"

ನಾನು ಪ್ರಶ್ನೆಯನ್ನು ಕಿವಿಗೆ ಕೂಗಿದೆ. ಮಾವನವರು ಬಾಯಿ ಒರೆಸಿಕೊಂಡು ನಕ್ಕು ತೋರಿಸಿದರು. ಮೂಗಿನಲ್ಲಿ ಶುರುವಾಗಿ, ತಡೆದು, ಆಮೇಲೆ ತಡೆಯಲಾಗದೆ ತುಳುಕುವ ಸಣ್ಣ ನಗು. ಬೆಲೆಯ ಮಾತು ಬಂದಾಗ, "ಕೊಳ್ಳೋರಿಗೆ ಇದು ಬರೀ ಡಬ್ಬಿ. ಇನ್ನೊಮ್ಮೆ ತಿರುಗಿಸಬ್ಯಾಡ್ರಿ, ಸೂಜಿ ಆ ನಗೂನೂ ಕೆರಕೊಂಡು ಹೋಗ್ತೈತೆ," ಅಂದರು. ಮಲ್ಲಮ್ಮ ಅದನ್ನು ಮಾರಲಿಲ್ಲ.

ಮರುವಾರ ಎಲ್ಲ ಹಲ್ಲು ಕೀಳಿಸಿದೆವು. ಕಟ್ಟಿಸಿದ ಹಲ್ಲನ್ನು ಪೆಟ್ಟಿಗೆಗೆ ಊರಿದರೆ ಬರೀ ಕಟಕಟ. "ಮುಗೀತವ್ವ ಕೇಳೋದು," ಎಂದು ಅದನ್ನು ಬಟ್ಟಲಿಗೆ ಹಾಕಿಟ್ಟರು. ಬಂದವರನ್ನು ಕೈಸನ್ನೆಯಲ್ಲೇ ವಾಪಸು ಕಳಿಸುತ್ತಿದ್ದರು. ವರ್ಷ ತುಂಬುವುದರೊಳಗೆ ತೀರಿಕೊಂಡರು.

ಮಲ್ಲಮ್ಮ ಮಾತಾಡಿಸಲು ಬಂದರು. ಪಡಸಾಲೆಯ ತುಂಬ ನೆಂಟರು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ನಿಮಗರ ನೆನಪೈತೇನ್ರಿ, ನಮ್ಮತ್ತಿ ಹೆಂಗೆ ನಕ್ಕಿದ್ರು?"

ಸಾವಿನ ಮನೆಯಲ್ಲಿ ಸೊಸೆ ನಕ್ಕರೆ ಜನ ಸುಮ್ಮನಿರುತ್ತಾರೆಯೇ? ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. ವರ್ಷಗಟ್ಟಲೆ ಕೂಗಿ ಒಡೆದುಹೋದ ಗಂಟಲು. ಮೂಗಿನಲ್ಲಿ ಶುರು ಮಾಡಿ, ತಡೆದು, ನಕ್ಕೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಇನ್ನೊಮ್ಮೆ," ಅಂದರು ಮಲ್ಲಮ್ಮ.